ಹೊರೆ ಇಳಿದ ಮೇಲೆ

ಅರುವತ್ತು ವರ್ಷ ತುಂಬಿ, ಕಚೇರಿಯಲ್ಲಿ ಹೂಮಾಲೆ ಹಾಕಿಸಿಕೊಂಡು ಮನೆಗೆ ಬಂದ ಯಜಮಾನನ ಮನಸ್ಸಿನಲ್ಲಿ ಮರುದಿನವೇ ಒಂದು ಪ್ರಶ್ನೆ ಏಳುವುದು ಸಹಜ: “ಇನ್ನು ನಾನು ಯಾರಿಗೆ ಬೇಕು?” ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನಿಗಾಗಲಿ, ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿ ನೇಯುವವನಿಗಾಗಲಿ ಇಂತಹ ಹೂಮಾಲೆಯ ದಿನವೇ ಇಲ್ಲ; ಕಣ್ಣು ಮಂಜಾದ ದಿನವೇ ಅವನ ನಿವೃತ್ತಿಯ ದಿನ. ಆದರೂ ಪ್ರಶ್ನೆಯು ಇಬ್ಬರಿಗೂ ಒಂದೇ. ಇದಕ್ಕೆ ಕ್ರೈಸ್ತರ ವೇದಗ್ರಂಥವು ಹೇಳುವ ಉತ್ತರವೇನೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ.

ಬೈಬಲಿನಲ್ಲಿ ಉದ್ಯೋಗನಿವೃತ್ತಿಯ ವಿಧಿಯು ಅರಣ್ಯಕಾಂಡದ ಎಂಟನೆಯ ಅಧ್ಯಾಯದಲ್ಲಿ ಬರುತ್ತದೆ. ಲೇವಿಯರು ಇಪ್ಪತ್ತೈದನೆಯ ವಯಸ್ಸಿನಲ್ಲಿ ದೇವದರ್ಶನದ ಗುಡಾರದ ಸೇವೆಗೆ ಸೇರಿ, ಐವತ್ತಕ್ಕೆ ಆ ದುಡಿಮೆಯನ್ನು ಬಿಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಗುಡಾರದ ಸಾಮಗ್ರಿಗಳನ್ನು ಮರುಭೂಮಿಯಲ್ಲಿ ಹೊರುವುದು ಕಷ್ಟದ ಕೆಲಸವಾಗಿತ್ತು. ಆದರೆ ವಿಧಿಯು ಅಲ್ಲಿಗೆ ಮುಗಿಯುವುದಿಲ್ಲ. ಹೊರೆಯಿಂದ ಬಿಡುಗಡೆ ಹೊಂದಿದವನು ತನ್ನ ಸಹೋದರರ ಜೊತೆಯಲ್ಲಿಯೇ ಇದ್ದು ಅವರಿಗೆ ನೆರವಾಗಬಹುದು. ಭಾರವನ್ನು ಇಳಿಸಬೇಕು, ಸ್ಥಾನವನ್ನು ಕಸಿಯಬಾರದು. ಈ ಎರಡೂ ಕೂಡಿದರೆ ಮಾತ್ರ ಅದು ನಿಜವಾದ ನಿವೃತ್ತಿ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಮಿಷನರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಅಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದವರು. ೧೯೦೬ರಲ್ಲಿ ಕೆಲಸದಿಂದ ನಿವೃತ್ತರಾಗಿ ಅವರು ಇಂಗ್ಲೆಂಡಿಗೆ ಹೋದರು. ಹಳ್ಳಿಹಳ್ಳಿ ಸುತ್ತುವ ಹೊರೆ ಇಳಿಯಿತು. ವಿದ್ಯೆಯ ಬಳಗವನ್ನು ಮಾತ್ರ ಅವರು ಬಿಡಲಿಲ್ಲ. ೧೯೦೯ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಗ್ರಂಥವಾಗಿ ಪ್ರಕಟಿಸಿದರು.

ಇದೇ ರೈಸ್ ಅವರು ೧೮೯೨ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅಲ್ಲಿನ ಬೋಧೆ. ಮೋಶೆಯ ಹತ್ತು ಆಜ್ಞೆಗಳಲ್ಲಿಯೂ ತಾಯಿತಂದೆಗಳ ಸನ್ಮಾನವು ಸೇರಿದೆಯಷ್ಟೆ. ಎರಡು ಮತಗಳು ಒಪ್ಪಿದ ಈ ಮಾತನ್ನು ನಮ್ಮ ನೆಲದ ಬಂಡೆಯೇ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಹೊತ್ತುಕೊಂಡಿದೆ.

ಈ ಸನ್ಮಾನವು ಬರಿಯ ನಮಸ್ಕಾರವಲ್ಲ. ತಂದೆತಾಯಿಗಳಿಗೆ ಸಲ್ಲತಕ್ಕ ಹಣವನ್ನು ದೇವರಿಗೆ ಮೀಸಲೆಂದು ಹೇಳಿ ಅವರನ್ನು ಕೈಬಿಡುತ್ತಿದ್ದವರನ್ನು ಯೇಸುವು ಕಟುವಾಗಿ ಖಂಡಿಸಿದನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ತಾನು ಶಿಲುಬೆಯ ಮೇಲಿದ್ದಾಗಲೂ ಆತನು ತನ್ನ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದನು. ಹಿರಿಯರ ಅನ್ನ, ಔಷಧಿಗಳ ಹೊಣೆಯನ್ನು ಭಕ್ತಿಯ ನೆಪದಿಂದಲೂ ತಪ್ಪಿಸಿಕೊಳ್ಳಲಾಗದು.

ಆದರೆ ಅನ್ನವೊಂದೇ ಸಾಲದು. ಮುದುಕನಾದ ನೇಕಾರನು ಮಗ್ಗವನ್ನು ಬಿಟ್ಟರೂ ಕಂಡಿಕೆ ಸುತ್ತಬಲ್ಲನು. ಬಣ್ಣ ಕೂಡಿತೇ ಇಲ್ಲವೇ ಎಂದು ಹೇಳಬಲ್ಲನು. ಮೊಮ್ಮಗನ ಕೈಗೆ ಎಳೆ ಕಟ್ಟುವ ಬಗೆಯನ್ನು ಕಲಿಸಬಲ್ಲನು. “ಸುಮ್ಮನೆ ಕೂತಿರಿ ಅಪ್ಪ, ನಿಮಗೇಕೆ ಇವೆಲ್ಲ?” ಎಂದು ಮಗನು ಪ್ರೀತಿಯಿಂದಲೇ ಅನ್ನುತ್ತಾನೆ. ಆ ಪ್ರೀತಿಯು ಹೊರೆಯ ಜೊತೆಗೆ ಸ್ಥಾನವನ್ನೂ ಕೆಳಗಿಳಿಸಿಬಿಡುತ್ತದೆ. ಹಾಗೆಯೇ ಹಿರಿಯರೂ ಒಂದನ್ನು ನೆನೆಯಬೇಕು: ನೆರವಾಗುವುದು ಬೇರೆ, ಅಧಿಕಾರ ನಡೆಸುವುದು ಬೇರೆ. ಐವತ್ತು ದಾಟಿದ ಲೇವಿಯನು ಸಹೋದರರಿಗೆ ಸಹಾಯಕನಾದನೇ ಹೊರತು ಅಡ್ಡಿಯಾಗಲಿಲ್ಲ.

ವಾಚಕರು ಇಂದು ರಾತ್ರಿ ಊಟಕ್ಕೆ ಕುಳಿತಾಗ, ಮನೆಯ ಯಾವುದಾದರೊಂದು ವಿಷಯದಲ್ಲಿ ಹಿರಿಯರ ಅಭಿಪ್ರಾಯವನ್ನು ಕೇಳಿನೋಡಲಿ. ಕೇಳಿದ ಮೇಲೆ ಅವರ ಉತ್ತರ ಮುಗಿಯುವವರೆಗೂ ಎದ್ದುಹೋಗದಿರಲಿ.