ಚಾದಲ್ಲಿ ಒಂದು ಚಮಚ ಕಮ್ಮಿ ಆಗಲಿ
ಉಡುತಡಿ, ಶಿರಾಳಕೊಪ್ಪ ಕಡೆಯ ನಮ್ಮವರ ಮನೆಗೆ ಹೋದರೆ ಮೊದಲು ಬರುವುದು ಚಾ. ಸಕ್ಕರೆ ಕಮ್ಮಿಯಾದರೆ ಉಪಚಾರವೇ ಕಮ್ಮಿಯಾಯಿತೇನೋ ಎಂಬ ಅಳುಕು. ದಿನಕ್ಕೆ 4 ಚಾ, ಒಂದೊಂದಕ್ಕೆ 2 ಚಮಚ ಅಂದರೆ 8 ಚಮಚ ಆಯ್ತು. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ 6 ಚಮಚದೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಸಕ್ಕರೆಯಲ್ಲಿ ವಿಟಮಿನ್ ಇಲ್ಲ. ಅದನ್ನು ಶಕ್ತಿಯಾಗಿಸಲು ದೇಹವೇ ತನ್ನ ಬಿ1 ವಿಟಮಿನ್ ಬಳಸಬೇಕು. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಮೆಗ್ನೀಸಿಯಂ ಮೂತ್ರದಲ್ಲಿ ಹೋಗುತ್ತದೆ. ಸೊರಬದ ಜೋನಿಬೆಲ್ಲದಲ್ಲಿ ಸ್ವಲ್ಪ ಖನಿಜ ಉಂಟು ನಿಜ, ಆದರೆ ಅದೂ ಸಿಹಿಯ ಲೆಕ್ಕಕ್ಕೇ ಸೇರುತ್ತದೆ. ಬಿಸ್ಕತ್ತು, ಶರಬತ್ತಿನಲ್ಲೇ ಮಕ್ಕಳ ಹೊಟ್ಟೆ ತುಂಬಿದರೆ ಸೊಪ್ಪು, ಮೀನು, ಬೇಳೆಗೆ ಜಾಗ ಎಲ್ಲಿ?

ಇಂದಿನಿಂದ ಚಾದಲ್ಲಿ ಒಂದು ಚಮಚ ಕಮ್ಮಿ ಮಾಡಿ. ಬಂದವರಿಗೆ ಸಕ್ಕರೆ ಬೇರೆ ಇಡಿ, ಬೇಕಾದವರು ಹಾಕಿಕೊಳ್ಳಲಿ.