ಬ್ರಿಟನ್ನಿನ ಪ್ರವಾಸ: ರೈಲೋ, ಮೋಟಾರೋ?

ಬ್ರಿಟನ್ ದ್ವೀಪವು ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ತುಸುವೇ ಹಿರಿದು. ಆದರೂ ಎರಡು ಮೂರು ವಾರಗಳ ಅವಧಿಯಲ್ಲಿ ಅದನ್ನು ಸುತ್ತಿ ಬರಬೇಕೆಂದು ಸಂಕಲ್ಪಿಸಿದವನು, ಲಂಡನ್ನಿನ ವಸ್ತುಸಂಗ್ರಹಾಲಯಗಳು, ವೇಲ್ಸಿನ ಕೋಟೆಗಳು, ಇಂಗ್ಲೆಂಡಿನ ಸರೋವರಪ್ರಾಂತ, ಸ್ಕಾಟ್ಲೆಂಡಿನ ಗಿರಿಕಂದರಗಳು ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಲು ಕುಳಿತಾಗ, ಮೊಟ್ಟಮೊದಲು ಎದುರಾಗುವುದು ವಾಹನದ ಪ್ರಶ್ನೆ. ಮಗನೋ ಮಗಳೋ ಅಲ್ಲಿ ನೆಲೆಸಿರುವ ಕಾರಣದಿಂದ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಈ ಚರ್ಚೆ ಇಂದು ನಡೆಯುತ್ತಿರುವುದರಿಂದ, ಎರಡು ಪಕ್ಷಗಳ ವಾದವನ್ನೂ ಅವುಗಳ ಪೂರ್ಣಬಲದೊಡನೆ ಮಂಡಿಸಿ, ಅನಂತರ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ. ಪ್ರಶ್ನೆ ಇದು: ಬ್ರಿಟನ್ನಿನ ಪ್ರವಾಸವನ್ನು ರೈಲುದಾರಿಗೆ ಹೊಂದಿಸಿ ಯೋಜಿಸತಕ್ಕದ್ದೆ?

ಪರ

ಅವಶ್ಯವಾಗಿ. 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗವನ್ನೂ 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗವನ್ನೂ ತೆರೆದು ಜಗತ್ತಿಗೆ ಉಗಿಬಂಡಿಯ ಯುಗವನ್ನು ಕೊಟ್ಟ ನೆಲದಲ್ಲಿ, ರೈಲೆಂಬುದು ಪ್ರೇಕ್ಷಣೀಯ ಸ್ಥಳಗಳಿಗೆ ಕೊಂಡೊಯ್ಯುವ ಸಾಧನವಾಗಿರುವಂತೆಯೇ ತಾನೂ ಒಂದು ಪ್ರೇಕ್ಷಣೀಯ ವಸ್ತುವಾಗಿದೆ. ಎಡಿನ್‌ಬರೋ ನಗರದ ಬಳಿ 1890ರಿಂದ ಸಾಗರದ ಕೊಲ್ಲಿಯ ಮೇಲೆ ನಿಂತಿರುವ ಫೋರ್ತ್ ಸೇತುವೆಯನ್ನು ಯುನೆಸ್ಕೋ ಸಂಸ್ಥೆ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಉಕ್ಕಿನ ಮಹಾಕೃತಿಯ ಒಳಗಿಂದ ಹಾದುಹೋಗುವ ಭಾಗ್ಯ ರೈಲುಪ್ರಯಾಣಿಕನಿಗಲ್ಲದೆ ಬೇರೆ ಯಾರಿಗೂ ಇಲ್ಲ. ಯಾರ್ಕ್‌ಶೈರಿನ ಬೋಳುಗುಡ್ಡಗಳ ನಡುವೆ ಸಾಗುವ ಸೆಟಲ್–ಕಾರ್ಲೈಲ್ ಮಾರ್ಗವನ್ನು, ಅದರ 24 ಕಮಾನುಗಳ ರಿಬಲ್‌ಹೆಡ್ ಮೇಲ್ಸೇತುವೆಯ ದುರಸ್ತಿಗೆ ಹಣವಿಲ್ಲವೆಂಬ ನೆಪದಿಂದ ಮುಚ್ಚಲು ಸರಕಾರ ಹವಣಿಸಿದಾಗ, ಜನರು ಹಲವು ವರ್ಷ ಹೋರಾಡಿ 1989ರಲ್ಲಿ ಅದನ್ನು ಉಳಿಸಿಕೊಂಡರು. ಒಂದು ಜನಾಂಗವು ಇಷ್ಟು ಮಮತೆಯಿಂದ ಕಾಪಾಡಿಕೊಂಡ ದಾರಿಯಲ್ಲಿ ಪ್ರಯಾಣಿಸದೆ, ಅದೇ ದಿಕ್ಕಿನ ಹೆದ್ದಾರಿಯಲ್ಲಿ ಲಾರಿಗಳ ಹಿಂಬದಿಯನ್ನು ನೋಡುತ್ತ ಹೋಗುವುದು ಎಂತಹ ನಷ್ಟ!

ಎಡಿನ್‌ಬರೋದಿಂದ ಲಂಡನ್ನಿಗೆ 393 ಮೈಲಿ. ರೈಲು ಅದನ್ನು ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ಕ್ರಮಿಸುತ್ತದೆ. ಮೊದಲು ಉತ್ತರಸಮುದ್ರದ ಕಡಿದಾದ ದಂಡೆ. ಬೆರಿಕ್ ಎಂಬಲ್ಲಿ ಟ್ವೀಡ್ ನದಿಯ ಮೇಲೆ, ವಿಕ್ಟೋರಿಯಾ ರಾಣಿಯು 1850ರಲ್ಲಿ ಉದ್ಘಾಟಿಸಿದ 28 ಕಮಾನುಗಳ ಸೇತುವೆ. ಬಳಿಕ ನ್ಯೂಕಾಸಲಿನಲ್ಲಿ ಟೈನ್ ನದಿಯ ಸೇತುವೆಗಳ ಸಾಲು. ಅದಾದ ಸ್ವಲ್ಪ ಹೊತ್ತಿಗೆ, ಎತ್ತರವಾದ ಕಲ್ಲುಸೇತುವೆಯ ಮೇಲಿಂದ ಡರ್ಹಮ್ ಕ್ಯಾಥೆಡ್ರಲಿನ ದರ್ಶನ. ಇದನ್ನೆಲ್ಲ ಕಾಣಲು ಕುಳಿತಲ್ಲಿಂದ ಕತ್ತು ತಿರುಗಿಸಿದರೆ ಸಾಕು. ಮೋಟಾರಿನಲ್ಲಿ ಇದೇ ದೂರಕ್ಕೆ ಎಂಟು ಗಂಟೆಗಳಾದರೂ ಬೇಕು, ಮತ್ತು ಆ ಎಂಟು ಗಂಟೆಗಳ ಕಾಲ ಚಕ್ರ ಹಿಡಿದವನು ರಸ್ತೆಯೊಂದನ್ನಲ್ಲದೆ ಏನನ್ನೂ ಕಾಣಲಾರ. ದೀರ್ಘ ವಿಮಾನಯಾನದ ಆಯಾಸ ತೀರುವ ಮೊದಲೇ, ಪರದೇಶದ ನಿಯಮಗಳ ಭಯದೊಡನೆ, ಸಂಸಾರದ ಕ್ಷೇಮದ ಹೊಣೆಯನ್ನೆಲ್ಲ ಹೊತ್ತು ಕುಳಿತ ಆ ಒಬ್ಬನಿಗೆ ಪ್ರವಾಸವೆಂಬುದು ಆಗುವುದೇ ಇಲ್ಲ. ಮನೆಮಂದಿ ನೋಡಿದ್ದನ್ನು ಅವನು ಸಂಜೆ ಅವರ ಬಾಯಿಂದ ಕೇಳಿ ತಿಳಿಯಬೇಕು.

ಇನ್ನು ನಗರಗಳ ವಿಷಯ. ಯಾರ್ಕ್, ಬಾತ್, ಆಕ್ಸ್‌ಫರ್ಡ್, ಎಡಿನ್‌ಬರೋ ಇವುಗಳ ಹಳೆಯ ಬೀದಿಗಳು ಮೋಟಾರು ಹುಟ್ಟುವುದಕ್ಕೆ ಎಷ್ಟೋ ಮುನ್ನ ರೂಪುಗೊಂಡವು. ಅಲ್ಲಿ ವಾಹನವನ್ನು ನಿಲ್ಲಿಸಲು ತಾಣ ಹುಡುಕುವುದೇ ಅರ್ಧ ದಿನದ ಕೆಲಸ, ಸಿಕ್ಕಿದರೆ ಅದರ ಶುಲ್ಕವೂ ಹೇರಳ. ಲಂಡನ್ನಿನ ಮಧ್ಯಭಾಗಕ್ಕೆ ಮೋಟಾರನ್ನು ತಂದವನು 2003ರಿಂದ ಪ್ರವೇಶಶುಲ್ಕವನ್ನೇ ತೆರಬೇಕಾಗಿದೆ. ರೈಲುನಿಲ್ದಾಣಗಳಾದರೋ ಊರಿನ ಹೃದಯದಲ್ಲಿವೆ: ಎಡಿನ್‌ಬರೋದ ವೇವರ್ಲಿ ನಿಲ್ದಾಣದಿಂದ ಮೆಟ್ಟಿಲೇರಿ ಹೊರಬಂದರೆ ಒಂದು ಕಡೆ ಕೋಟೆಯನ್ನು ಹೊತ್ತ ಹಳೆಯ ಪಟ್ಟಣ, ಇನ್ನೊಂದು ಕಡೆ ಹದಿನೆಂಟನೆಯ ಶತಮಾನದಲ್ಲಿ ಯೋಜಿತವಾದ ಹೊಸ ಪಟ್ಟಣ.

ರೈಲು ಮಾತ್ರವೇ ಕೊಂಡೊಯ್ಯುವ ಏಕಾಂತಗಳೂ ಇವೆ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಮ್ಮಿಗೆ 1894ರಲ್ಲಿ ತೆರೆದ ಮಾರ್ಗವು ರಾನಕ್ ಮೂರ್ ಎಂಬ ವಿಶಾಲವಾದ ಜೌಗುನೆಲವನ್ನು ದಾಟುವಾಗ, ಗಟ್ಟಿನೆಲ ಸಿಕ್ಕದೆ ಮರದ ಬೇರು, ಪೊದೆಯ ಕಡ್ಡಿ, ಮಣ್ಣು, ಬೂದಿಗಳನ್ನು ಹಾಸಿ ಅದರ ಮೇಲೆ ಕಂಬಿಗಳನ್ನು ತೇಲಿಸಿದ್ದಾರೆ. ಆ ನಿರ್ಜನದಲ್ಲಿರುವ ಕೋರೂರ್ ನಿಲ್ದಾಣಕ್ಕೆ ಇಂದಿಗೂ ಸಾರ್ವಜನಿಕ ರಸ್ತೆಯಿಲ್ಲ. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರಾತ್ರಿ ಬಂಡಿ ಹತ್ತಿ ಮಲಗಿ, ಬೆಳಗ್ಗೆ ಕಣ್ತೆರೆದಾಗ ಕಿಟಕಿಯ ಹೊರಗೆ ಜಿಂಕೆಗಳೂ ತೊರೆಗಳೂ ಕಾಣುವಂತೆ ಮಾಡುವ ಶಯನಬಂಡಿ ಈ ದಾರಿಯಲ್ಲೇ ಬರುತ್ತದೆ.

ಕನ್ನಡಿಗನು ವಿಶೇಷವಾಗಿ ಗಮನಿಸತಕ್ಕ ಒಂದು ಸಂಗತಿಯಿದೆ. ವೇಲ್ಸಿನ ಗಡಿಯಲ್ಲಿರುವ ಪೊವಿಸ್ ಕೋಟೆಯಲ್ಲಿ, ಟಿಪ್ಪು ಸುಲ್ತಾನನ ಚಿತ್ರಿತ ವಸ್ತ್ರದ ಡೇರೆಯೂ ಅವನ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ವ್ಯಾಘ್ರಶಿರವೂ ಇವೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಮನೆತನದ ಮೂಲಕ ಅವು ಅಲ್ಲಿಗೆ ಸೇರಿದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿಯನ್ನು ನೋಡುವವರು ಬಹಳ. ಪೊವಿಸ್ಸಿಗೆ ಹೋಗುವವರು ವಿರಳ. ಶ್ರೂಸ್‌ಬರಿಯಿಂದ ಪಡುವಣಕ್ಕೆ ಹೊರಡುವ ರೈಲು ವೆಲ್ಷ್‌ಪೂಲಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಕೋಟೆಗೆ ಕಾಲುನಡಿಗೆಯ ದಾರಿ. ಮೋಟಾರಿನ ಹಂಗೇ ಬೇಕಿಲ್ಲ.

ವಿರೋಧ

ರೈಲನ್ನು ಕುರಿತ ಈ ಸ್ತೋತ್ರದಲ್ಲಿ ಸುಳ್ಳಿಲ್ಲ. ಆದರೆ ಅದು 1963ಕ್ಕಿಂತ ಹಿಂದಿನ ಬ್ರಿಟನ್ನಿಗೆ ಸಲ್ಲತಕ್ಕದ್ದು. ಆ ವರ್ಷ ರೈಲ್ವೆಯ ಅಧ್ಯಕ್ಷನಾಗಿದ್ದ ಡಾಕ್ಟರ್ ಬೀಚಿಂಗ್ ಮಂಡಿಸಿದ ವರದಿಯು ಎರಡು ಸಾವಿರಕ್ಕೂ ಮಿಕ್ಕ ನಿಲ್ದಾಣಗಳನ್ನೂ ಸುಮಾರು 5,000 ಮೈಲಿಗಳ ಮಾರ್ಗವನ್ನೂ ಮುಚ್ಚಬೇಕೆಂದು ಸೂಚಿಸಿತು. ಸೂಚಿಸಿದ್ದರಲ್ಲಿ ಬಹುಪಾಲು ನಡೆದೇ ಹೋಯಿತು. ಗಾಲ್ಫ್ ಆಟದ ತವರೆನಿಸಿದ ಸೇಂಟ್ ಆಂಡ್ರೂಸಿಗೆ 1969ರಿಂದ ರೈಲಿಲ್ಲ, ಸರೋವರಪ್ರಾಂತದ ಕೆಸಿಕ್ ಪಟ್ಟಣಕ್ಕೆ 1972ರಿಂದ ಇಲ್ಲ. ವೇಲ್ಸಿನ ಅಬರಿಸ್ಟ್‌ವಿತ್ ಮತ್ತು ಕಾರ್ಮಾರ್ಥೆನ್ ಊರುಗಳ ನಡುವೆ ರಸ್ತೆಯಲ್ಲಿ ಸುಮಾರು 50 ಮೈಲಿ. ಅವೆರಡನ್ನೂ ಕೂಡಿಸಿದ್ದ ಮಾರ್ಗವನ್ನು 1965ರಲ್ಲಿ ನಿಲ್ಲಿಸಿದ ಮೇಲೆ, ರೈಲನ್ನೇ ನೆಚ್ಚಿದವನು ಪೂರ್ವಕ್ಕೆ ಹೋಗಿ, ಇಂಗ್ಲೆಂಡನ್ನು ಹೊಕ್ಕು, ಮತ್ತೆ ವೇಲ್ಸಿಗೆ ಮರಳಬೇಕು. ರೈಲುದಾರಿಗೆ ಹೊಂದಿಸಿ ಪ್ರವಾಸವನ್ನು ಯೋಜಿಸುವುದೆಂದರೆ, ಯಾವ ಊರನ್ನು ನೋಡಬಹುದು ಯಾವುದನ್ನು ನೋಡಬಾರದು ಎಂಬ ನಿರ್ಧಾರವನ್ನು ಅರವತ್ತು ವರ್ಷಗಳ ಹಿಂದಿನ ಒಬ್ಬ ಅಧಿಕಾರಿಯ ಕೈಗೆ ಒಪ್ಪಿಸಿದಂತೆ.

ಬ್ರಿಟನ್ನಿನ ಆತ್ಮವು ಅದರ ಮಹಾನಗರಗಳಲ್ಲಿದೆಯೆಂದು ಎಣಿಸುವವರೊಡನೆ ನನಗೆ ವಾದವಿಲ್ಲ. ಆದರೆ ಕಾಟ್ಸ್‌ವೋಲ್ಡಿನ ಜೇನುಬಣ್ಣದ ಕಲ್ಲಿನ ಹಳ್ಳಿಗಳು, ಸ್ಕೈ ದ್ವೀಪದ ಶಿಲಾಶಿಖರಗಳು, ನಾರ್ಥಂಬರ್ಲೆಂಡಿನ ಬಟ್ಟಬಯಲಿನಲ್ಲಿ ಹಬ್ಬಿದ ಹೇಡ್ರಿಯನ್ ಚಕ್ರವರ್ತಿಯ ಗೋಡೆ ಇವುಗಳನ್ನು ಕಾಣಬಯಸುವವನಿಗೆ ಕಂಬಿ ಸಾಲದು. ಇನ್ವರ್ನೆಸ್ಸಿನಿಂದ ಹೊರಡುವ ರಮಣೀಯವಾದ ರೈಲುಮಾರ್ಗವು ಕೈಲ್ ಎಂಬ ರೇವಿನಲ್ಲಿ, ಸ್ಕೈ ದ್ವೀಪವನ್ನು ಎದುರಿಗೆ ತೋರಿಸಿ, ಮುಗಿದುಹೋಗುತ್ತದೆ; 1995ರಲ್ಲಿ ಕಟ್ಟಿದ ಸೇತುವೆಯನ್ನು ದಾಟಿ ದ್ವೀಪದ ಒಳಗೆ ಸಂಚರಿಸಲು ಬಸ್ಸುಗಳಿವೆಯಾದರೂ ಅವು ವಿರಳ, ಒಂದು ತಪ್ಪಿದರೆ ಮಧ್ಯಾಹ್ನವೇ ವ್ಯರ್ಥ. ಮೋಟಾರಿದ್ದವನು, ಮೋಡ ಚದುರಿ ಗಿರಿಯ ನೆತ್ತಿ ಕಂಡ ಕ್ಷಣದಲ್ಲಿ ನಿಲ್ಲಬಲ್ಲ. ಮಳೆ ಹಿಡಿದರೆ ಮುಂದೆ ಸಾಗಬಲ್ಲ. ಗಳಿಗೆಗೊಮ್ಮೆ ಮುಖಭಾವವನ್ನು ಬದಲಿಸುವ ಆ ಆಕಾಶದ ಕೆಳಗೆ ಇದು ಅಲ್ಪವಾದ ಸ್ವಾತಂತ್ರ್ಯವಲ್ಲ.

ಕವಿ ವರ್ಡ್ಸ್‌ವರ್ತ್ 1844ರಲ್ಲಿ ಸರೋವರಪ್ರಾಂತದ ವಿಂಡರ್‌ಮಿಯರಿಗೆ ರೈಲು ಬರುವುದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ವಿರೋಧಿಸಿದ್ದು, ಗುಂಪುಗುಂಪಾಗಿ ಬಂದಿಳಿಯುವ ಜನಕ್ಕೆ ಏಕಾಂತದ ಸವಿ ದೊರೆಯಲಾರದೆಂಬ ನಂಬಿಕೆಯಿಂದ. ಬಡವರಿಗೂ ಆ ಚೆಲುವು ದಕ್ಕಬೇಕೆಂಬುದನ್ನು ಅವನು ಸಾಕಷ್ಟು ಯೋಚಿಸಲಿಲ್ಲವೆಂದು ನನಗೆ ಅನಿಸುತ್ತದೆ. ಅವನ ವಿರೋಧವನ್ನು ಮೀರಿ 1847ರಲ್ಲಿ ರೈಲು ಬಂದೇ ಬಂತು. ಆದರೂ ವಿಂಡರ್‌ಮಿಯರಿನಲ್ಲಿ ಇಳಿದ ಪ್ರಯಾಣಿಕನು ಕವಿಯ ಗ್ರಾಸ್‌ಮಿಯರಿಗೆ ಇಂದಿಗೂ ರಸ್ತೆಯಿಂದಲೇ ಹೋಗಬೇಕು.

ಮೋಟಾರಿನ ಭಯವನ್ನು ಎದುರು ಪಕ್ಷದವರು ಹೆಚ್ಚಿಸಿ ಹೇಳಿದರು. ನಮ್ಮಂತೆಯೇ ಅಲ್ಲಿಯೂ ರಸ್ತೆಯ ಎಡಭಾಗದಲ್ಲಿ ಓಡಿಸುವುದರಿಂದ, ಅಮೆರಿಕದವರನ್ನೂ ಫ್ರಾನ್ಸಿನವರನ್ನೂ ಕಾಡುವ ಗೊಂದಲ ನಮಗಿಲ್ಲ. ಭಾರತದ ಪರವಾನಗಿಯಿಂದಲೇ ಸಂದರ್ಶಕನು 12 ತಿಂಗಳವರೆಗೆ ವಾಹನ ನಡೆಸಬಹುದು. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು, ಫಲಕಗಳ ಮೇಲಿನ ವೇಗವನ್ನು ಮೈಲಿಯ ಲೆಕ್ಕದಲ್ಲಿ ಓದುವುದು, ಸ್ಕಾಟ್ಲೆಂಡಿನ ಒಂಟಿದಾರಿಗಳಲ್ಲಿ ಎದುರಿನ ವಾಹನಕ್ಕೆ ಸರಿಯಲೆಂದು ಬಿಟ್ಟ ತಾವುಗಳನ್ನು ನಿಲುಗಡೆಗೆ ಬಳಸದಿರುವುದು, ಇಷ್ಟನ್ನು ಕಲಿತರೆ ಸಾಕು.

ಹಣದ ಲೆಕ್ಕವನ್ನೂ ಹೇಳಬೇಕು. ರೈಲಿನ ದರ ತಲೆಗೊಂದರಂತೆ, ಮೋಟಾರಿನ ಬಾಡಿಗೆ ಬಂಡಿಗೊಂದರಂತೆ. ನಾಲ್ವರ ಕುಟುಂಬಕ್ಕೆ ಈ ಅಂತರವು ದೊಡ್ಡದು. ರೈಲಿನಲ್ಲಿ ಅಗ್ಗದ ಟಿಕೀಟು ಬೇಕೆಂದರೆ ಬಹಳ ಮುಂಚೆ ಕೊಳ್ಳಬೇಕು, ಕೊಂಡರೆ ಆ ಒಂದು ಬಂಡಿಗೇ ಕಟ್ಟುಬಿದ್ದಂತೆ. ಮಂಡಿನೋವಿನ ತಾಯಿಯನ್ನು ಕರೆದುಕೊಂಡು, ನಾಲ್ಕು ಪೆಟ್ಟಿಗೆಗಳನ್ನೂ ಹೊತ್ತು, ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಇಳಿದು ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಏರಬೇಕಾದವನು ನೆಲದಡಿಯ ರೈಲಿನ ಮೆಟ್ಟಿಲುಗಳಲ್ಲಿ ಪಡುವ ಪಾಡನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ. ಭಾನುವಾರಗಳಂದು ಹಳಿಗಳ ದುರಸ್ತಿಗಾಗಿ ಬಂಡಿಗಳನ್ನು ನಿಲ್ಲಿಸಿ ಬಸ್ಸಿನಲ್ಲಿ ಸಾಗಿಸುವ ಪದ್ಧತಿಯೂ ಅಲ್ಲಿ ಸಾಮಾನ್ಯ. ಕೊನೆಯದಾಗಿ, ರಿಬಲ್‌ಹೆಡ್ ಸೇತುವೆಯ ಮೇಲೆ ಕುಳಿತು ಹೋಗುವವನಿಗೆ ಅದರ ಕಮಾನುಗಳು ಕಾಣುವುದಿಲ್ಲ. ಅದರ ಗಾಂಭೀರ್ಯವನ್ನು ಅರಿಯಲು ಕೆಳಗಿನ ಹುಲ್ಲುಗಾವಲಿನಲ್ಲಿ ನಿಂತು ತಲೆಯೆತ್ತಬೇಕು.

ನಿರ್ಣಯ

ಎರಡು ಪಕ್ಷಗಳನ್ನೂ ತೂಗಿ ನೋಡಿದಾಗ, ರೈಲಿನ ಪಕ್ಷವೇ ಗೆಲ್ಲುತ್ತದೆಂದು ನಾನು ನಿಸ್ಸಂದೇಹವಾಗಿ ಹೇಳಬಲ್ಲೆ. ಆದರೆ ಅದಕ್ಕೆ ಕಾರಣ ಸೇತುವೆಗಳ ವೈಭವವಲ್ಲ. ಕುಟುಂಬವೊಂದು ಅಷ್ಟು ದೂರ ಹೋಗಿ, ತನ್ನಲ್ಲಿ ಒಬ್ಬನನ್ನು ಎರಡು ವಾರಗಳ ಕಾಲ ಸಾರಥಿಯ ಕೆಲಸಕ್ಕೆ ಮೀಸಲಿಡುವುದು ನ್ಯಾಯವಲ್ಲ ಎಂಬ ವಾದಕ್ಕೆ ವಿರೋಧಪಕ್ಷದಲ್ಲಿ ಉತ್ತರವಿಲ್ಲ. ಹಣದ ವಾದವಾದರೋ ರಿಯಾಯಿತಿಯ ರೈಲುಕಾರ್ಡುಗಳಿಂದ ಬಹುಮಟ್ಟಿಗೆ ಸಡಿಲಾಗುತ್ತದೆ. ಇಬ್ಬರು ಜೊತೆಯಾಗಿ ಪ್ರಯಾಣಿಸುವವರಿಗೂ, ಮಕ್ಕಳೊಂದಿಗರಿಗೂ, ಅರವತ್ತು ದಾಟಿದ ಹಿರಿಯರಿಗೂ ಬೇರೆ ಬೇರೆ ಕಾರ್ಡುಗಳಿದ್ದು, ದೊಡ್ಡವರ ಟಿಕೀಟಿನ ಬಹುಪಾಲು ದರಗಳಲ್ಲಿ ಮೂರರಲ್ಲೊಂದು ಪಾಲು ಕಳೆಯುತ್ತದೆ. ವಿದೇಶೀಯರೂ ಅವನ್ನು ಕೊಳ್ಳಬಹುದು.

ವಿರೋಧಪಕ್ಷದ ಒಂದು ಮಾತನ್ನು ಮಾತ್ರ ನಾನು ಸಂಪೂರ್ಣವಾಗಿ ಒಪ್ಪುತ್ತೇನೆ: ಕಂಬಿ ಮುಗಿದ ಕಡೆ ಮೋಟಾರು ಬೇಕೇ ಬೇಕು. ಆದುದರಿಂದ ಪ್ರವಾಸದ ಬೆನ್ನೆಲುಬು ರೈಲಾಗಿರಲಿ; ಲಂಡನ್, ಯಾರ್ಕ್, ಎಡಿನ್‌ಬರೋ, ಇನ್ವರ್ನೆಸ್ ಎಂಬ ಕ್ರಮದಲ್ಲಿ ಬಡಗಣಕ್ಕೆ ಸಾಗಿ, ಇನ್ವರ್ನೆಸ್ಸಿನಲ್ಲಿ ನಾಲ್ಕೈದು ದಿನಗಳ ಮಟ್ಟಿಗೆ ಕಾರನ್ನು ಬಾಡಿಗೆಗೆ ಪಡೆದು ಸ್ಕೈ ದ್ವೀಪವನ್ನೂ ಪಡುವಣ ಕರಾವಳಿಯನ್ನೂ ನೋಡತಕ್ಕದ್ದು. ಹೊರಡುವ ಮುನ್ನ ದೂರದ ಟಿಕೀಟುಗಳನ್ನು ಸುಮಾರು ಎರಡು ಮೂರು ತಿಂಗಳ ಮೊದಲೇ ಕೊಳ್ಳಿ, ಯಾವ ದೀರ್ಘ ಪ್ರಯಾಣವನ್ನೂ ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿನ ಬಾಡಿಗೆ ಕಾರುಗಳಲ್ಲಿ ಕೈಯಿಂದ ಗೇರು ಬದಲಿಸುವವು ಹೆಚ್ಚು; ತಾನಾಗಿ ಗೇರು ಬದಲಾಗುವುದು ಬೇಕಿದ್ದರೆ ಮೊದಲೇ ಗೊತ್ತುಮಾಡಿ. ಅಪಘಾತವಾದಲ್ಲಿ ವಿಮೆಯಿದ್ದೂ ನೀವು ತುಂಬಿಕೊಡಬೇಕಾದ ಮೊತ್ತವೆಷ್ಟೆಂಬುದನ್ನು ಸಹಿ ಹಾಕುವ ಮೊದಲು ಓದಿಕೊಳ್ಳಿ. ಒಂದೂರಿನಲ್ಲಿ ಪಡೆದ ಕಾರನ್ನು ಇನ್ನೊಂದೂರಿನಲ್ಲಿ ಒಪ್ಪಿಸಿದರೆ ಹೆಚ್ಚಿನ ಶುಲ್ಕ ಬೀಳುವುದರಿಂದ, ಇನ್ವರ್ನೆಸ್ಸಿನಲ್ಲಿ ಪಡೆದದ್ದನ್ನು ಇನ್ವರ್ನೆಸ್ಸಿನಲ್ಲೇ ಒಪ್ಪಿಸಿ. ಅಲ್ಲಿಂದ ಲಂಡನ್ನಿಗೆ ಶನಿವಾರವೊಂದನ್ನು ಬಿಟ್ಟು ಪ್ರತಿ ರಾತ್ರಿಯೂ ಶಯನಬಂಡಿಯಿದೆ.