ಒಂದು ಕೊಂಡಿಯ ಹೊಣೆ

ಗೋಕಾಕ ಸೀಮೆಯ ಮೇಲವಂಕಿಯಂತಹ ಊರುಗಳಲ್ಲಿ ಹಿಂದಿನ ಕಾಲದ ರೈತನು ಬಂಡಿ ಹೂಡುವ ಮುನ್ನ ಒಮ್ಮೆ ಬಾಗಿ ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದನು. ಗೇಣುದ್ದವೂ ಇಲ್ಲದ ಆ ಕೀಲು ಕಳಚಿದರೆ ಗಾಲಿ ಉರುಳಿಹೋಗುವುದೆಂಬುದು ಅವನಿಗೆ ತಿಳಿದಿತ್ತು. ಕೀಲೆಣ್ಣೆ ಹಾಕುವುದಕ್ಕೆ ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಇಂದು ಅದೇ ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಹಾಲಿನ ಕ್ಯಾನುಗಳನ್ನೂ ಮೇವಿನ ಹೊರೆಯನ್ನೂ ಮನೆಯವರನ್ನೂ ಹೊತ್ತು ಮೋಟಾರುಸೈಕಲ್ಲು ಓಡುತ್ತಿದೆ. ವಾಹನ ಬದಲಾಯಿತು, ಆದರೆ ಕಡೆಗೀಲನ್ನು ಮುಟ್ಟಿ ನೋಡುವ ಆ ಎಚ್ಚರ ಉಳಿದಿದೆಯೆ?

ಮೋಟಾರುಸೈಕಲ್ಲಿನ ಕಡೆಗೀಲು ಅದರ ಸರಪಳಿಯಲ್ಲಿದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುವುದು ಇದೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬ ತಂತ್ರಜ್ಞನು 1880ರಲ್ಲಿ ಈ ಬಗೆಯ ಉರುಳೆಯ ಸರಪಳಿಯನ್ನು ರೂಪಿಸಿದನು. ಉಕ್ಕಿನ ಪಟ್ಟಿಗಳು, ಅವುಗಳನ್ನು ಕೂಡಿಸುವ ಪಿನ್ನುಗಳು, ಪಿನ್ನಿನ ಸುತ್ತ ತಿರುಗುವ ಉರುಳೆಗಳು, ಇಷ್ಟೇ ಅದರ ರಚನೆ. ಸರಪಳಿ ಹಳತಾದಾಗ ಉದ್ದವಾಗುತ್ತದೆ. ಉಕ್ಕು ಹಿಗ್ಗಿತೆಂದು ಹಲವರು ತಿಳಿಯುತ್ತಾರೆ. ನಿಜವಾಗಿ ಸವೆಯುವುದು ಪಿನ್ನು ಮತ್ತು ಅದರ ಗೂಡು. ಒಂದೊಂದು ಕೀಲು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ಸವೆದರೂ ನೂರು ಕೀಲುಗಳ ಸರಪಳಿ 10 ಮಿಲಿಮೀಟರು ಉದ್ದವಾಗುತ್ತದೆ. ಸಣ್ಣ ದೋಷಗಳು ಕೂಡಿ ದೊಡ್ಡದಾಗುವ ಬಗೆಗೆ ಇದಕ್ಕಿಂತ ಸರಳವಾದ ಲೆಕ್ಕ ಬೇಕಿಲ್ಲ.

ಹೊಸ ಸರಪಳಿಯ ಎರಡು ತುದಿಗಳನ್ನು ಕೂಡಿಸಲು ಒಂದು ಕೊಂಡಿ ಬೇಕು. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ವಾಹನಗಳಿಗೆ ಕ್ಲಿಪ್ಪಿನ ಕೊಂಡಿ ಸಾಕಾಗುತ್ತದೆ. ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಓಡುವ ದಿಕ್ಕಿಗೆ ಮುಖ ಮಾಡಿರಬೇಕೆಂಬುದೇ ಅದರ ಮುಖ್ಯ ನಿಯಮ. ಹೆಚ್ಚು ಶಕ್ತಿಯ ವಾಹನಗಳಿಗೆ ರಿವೆಟ್ ಕೊಂಡಿ ಬೇಕಾಗುತ್ತದೆ. ಇದರಲ್ಲಿ ಪಿನ್ನಿನ ತುದಿಯನ್ನೇ ಅರಳಿಸಿ ಪಟ್ಟಿಯನ್ನು ಬಿಗಿಯಲಾಗುತ್ತದೆ. ಓಡುತ್ತಿರುವಾಗ ಈ ಕೊಂಡಿ ಕಳಚಿದರೆ ಸರಪಳಿ ಮುಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಎಂಜಿನ್ನಿನ ಗೂಡನ್ನು ಒಡೆಯಬಹುದು. ಹಿಂದಿನ ಗಾಲಿಯನ್ನೇ ಹಿಡಿದು ನಿಲ್ಲಿಸಿ ಸವಾರನನ್ನು ಕೆಡವಬಹುದು.

ಇಂತಹ ಕೆಲಸವನ್ನು ಮನೆಯಂಗಳದಲ್ಲಿ ಮಾಡಬಹುದೆ? ಈ ಬಗೆಗೆ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕಲಿತವನು ಕೈ ಮಸಿ ಮಾಡಿಕೊಳ್ಳಬಾರದು, ಅದಕ್ಕೆ ಮೆಕ್ಯಾನಿಕ್ಕು ಇದ್ದಾನೆ ಎಂಬುದು ಒಂದು. ಸುತ್ತಿಗೆಯೊಂದಿದ್ದರೆ ಸಾಕು, ಎರಡು ಏಟಿಗೆ ಮುಗಿಯುವ ಕೆಲಸ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ದುಡಿಮೆಯನ್ನು ಕೀಳೆಂದು ಎಣಿಸುತ್ತದೆ. ಎರಡನೆಯದು ದುಡಿಮೆಯ ಹಿಂದಿರುವ ಜ್ಞಾನವನ್ನು ಕೀಳೆಂದು ಎಣಿಸುತ್ತದೆ. ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಇವೆರಡರ ಬೇರು ಒಂದೇ: ಕೈಗೂ ಬುದ್ಧಿಗೂ ಸಂಬಂಧವಿಲ್ಲವೆಂಬ ಭ್ರಮೆ.

ಈ ಕೆಲಸದ ಕ್ರಮವನ್ನು ನೋಡಿದರೆ ಆ ಭ್ರಮೆ ಹರಿಯುತ್ತದೆ. ಮೊದಲು ಎಂಜಿನ್ನನ್ನು ಪೂರ್ತಿಯಾಗಿ ನಿಲ್ಲಿಸಬೇಕು; ಹಲ್ಲುಚಕ್ರದ ಬಳಿ ಬೆರಳಿರುವಾಗ ಗಾಲಿ ತಿರುಗಿದರೆ ಬೆರಳು ಉಳಿಯದು. ಹಳೆಯ ಪಿನ್ನಿನ ತಲೆಯನ್ನು ಉಜ್ಜಿ ತೆಗೆಯುವಾಗ ಕಣ್ಣಿಗೆ ರಕ್ಷಣೆ ಬೇಕು. ಆ ಬಳಿಕ ಹೊಸ ಕೊಂಡಿಯ ಪಿನ್ನುಗಳಿಗೆ ಗ್ರೀಸು ಸವರಿ, ರಬ್ಬರಿನ ಬಳೆಗಳಿರುವ ಸರಪಳಿಯಾದರೆ ಅವುಗಳನ್ನು ತಪ್ಪದೆ ಇಟ್ಟು, ಮೇಲಿನ ಪಟ್ಟಿಯನ್ನು ಅದಕ್ಕೆಂದೇ ಇರುವ ಉಪಕರಣದಿಂದ ಒತ್ತಬೇಕು. ಎಷ್ಟು ಒತ್ತಬೇಕು? ಪಕ್ಕದ ಕೊಂಡಿಯ ಅಗಲಕ್ಕೆ ಸಮನಾಗುವಷ್ಟು. ಕಡಿಮೆಯಾದರೆ ಕೊಂಡಿ ಸಡಿಲ. ಹೆಚ್ಚಾದರೆ ಬಳೆಗಳು ನಜ್ಜುಗುಜ್ಜಾಗಿ ಕೀಲು ಬಿಗಿಯುತ್ತದೆ. ಕೊನೆಗೆ ಪಿನ್ನಿನ ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಅರಳಿಸುತ್ತ ವರ್ನಿಯರ್ ಮಾಪಕದಿಂದ ಅಳೆಯಬೇಕು. ಅನೇಕ ದೊಡ್ಡ ವಾಹನಗಳಲ್ಲಿ ಅರಳಿದ ತುದಿಯ ಅಗಲ 5.5 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ; ಆಯಾ ಸರಪಳಿಯ ತಯಾರಕರು ಕೊಟ್ಟ ಅಳತೆಯೇ ಪ್ರಮಾಣ.

ಇಲ್ಲಿಯೇ ಮನುಷ್ಯನ ನಿಜವಾದ ಪರೀಕ್ಷೆ ನಡೆಯುತ್ತದೆ. ಅರಳಿದ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತೆನ್ನೋಣ. ಹೊತ್ತು ಮುಳುಗಿದೆ, ಕೈ ಸೋತಿದೆ, ಬೆಳಗ್ಗೆ ವಾಹನ ಬೇಕೇ ಬೇಕು. ಬಿರುಕನ್ನು ಕಂಡವನು ಅವನೊಬ್ಬನೇ. ಗ್ರೀಸು ಸವರಿದರೆ ಅದು ಯಾರಿಗೂ ಕಾಣದು. ಆದರೂ ಆ ಕೊಂಡಿಯನ್ನು ತೆಗೆದೆಸೆದು ಹೊಸದನ್ನು ಹಾಕಲೇಬೇಕು. ಒಮ್ಮೆ ಬಡಿದ ರಿವೆಟ್ ಕೊಂಡಿಯನ್ನು ಎರಡನೆಯ ಸಲ ಬಳಸುವಂತಿಲ್ಲ. ತನ್ನ ಕೈಯ ಕೆಲಸವನ್ನು ತಾನೇ ತಪ್ಪೆಂದು ಒಪ್ಪಿ ಮತ್ತೆ ಮೊದಲಿನಿಂದ ತೊಡಗಬಲ್ಲವನು ಮನೆಯಲ್ಲಿ ಈ ಕೆಲಸ ಮಾಡಲು ಅರ್ಹನು. ಅದು ಸಾಧ್ಯವಿಲ್ಲದವನು, ಅಥವಾ ತಕ್ಕ ಉಪಕರಣವಿಲ್ಲದವನು, ಬಲ್ಲವರ ಬಳಿಗೆ ಹೋಗುವುದೇ ವಿವೇಕ. ಹಾಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಕೆಲಸದ ಕಷ್ಟವನ್ನು ಅರಿತವನೇ ಬಲ್ಲವನ ಕೈಚಳಕವನ್ನು ಗೌರವಿಸಬಲ್ಲನು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೋಟಾರುಸೈಕಲ್ಲುಗಳು ತಯಾರಾದವು. ಅವುಗಳ ಸರಪಳಿ ಧೂಳು ಕೆಸರುಗಳಿಗೆ ಸಿಗದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ವಾಹನಗಳು ಇಂದಿಗೂ ನಾಡಿನ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳನ್ನು ಉಳಿಸಿದವರು ಊರೂರಿನ ಮೆಕ್ಯಾನಿಕ್ಕುಗಳು ಮತ್ತು ತಮ್ಮ ವಾಹನದ ಒಂದೊಂದು ತಿರುಪನ್ನೂ ಬಲ್ಲ ಒಡೆಯರು. ಮಾಡಿದವರು ಇಲ್ಲವಾದ ಮೇಲೆ ವಸ್ತು ಬಾಳುವುದು ಬಳಸುವವರ ಅಕ್ಕರೆಯಿಂದಲೇ.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಕಂಡರು. ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ ಆ ಪರಂಪರೆಯವರು. ಹೊಸೆದ ಹಗ್ಗದ ಒಂದು ಎಳೆ ಸಡಿಲವಾದರೂ ಅದನ್ನು ನಂಬಿದವನ ಕೊಡ ಬಾವಿಯ ಪಾಲಾಗುತ್ತದೆ. ಕಾಯಕವೆಂದರೆ ಬರಿಯ ದುಡಿಮೆಯಲ್ಲ. ನಂಬಿದವರಿಗೆ ಮೋಸವಾಗದಂತೆ ದುಡಿಯುವುದು. ಶಾಲೆಯಲ್ಲಿ ಕಲಿತ ದಶಮಾಂಶವು ಮನೆಯಂಗಳದಲ್ಲಿ ಒಂದು ಜೀವವನ್ನು ಕಾಯಬಲ್ಲದು ಎಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ವಾಹನ ನಡೆಸುವ ಪರವಾನಗಿ ಪಡೆಯಲು ಅವರು ಇನ್ನೂ ಕೆಲವು ವರ್ಷ ಕಾಯಬೇಕು. ಹಿರಿಯರ ಪಕ್ಕದಲ್ಲಿ ಕುಳಿತು ಸರಪಳಿಯನ್ನು ಒರೆಸಲು, ಅಳೆಯಲು ಕಲಿಯುವುದಕ್ಕೆ ಕಾಯಬೇಕಾಗಿಲ್ಲ.

ಮೋಟಾರುಸೈಕಲ್ಲಿನ ಹಿಂದೆ ಕುಳಿತ ತಾಯಿಯೋ ತಂಗಿಯೋ ಸರಪಳಿಯನ್ನು ನೋಡುವುದಿಲ್ಲ. ಮುಂದಿರುವವನ ಹೆಗಲ ಮೇಲೆ ಕೈಯಿಟ್ಟು ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ಆ ನಿಶ್ಚಿಂತೆಗೆ ತಕ್ಕವನಾಗಿರಬೇಕೆಂದೇ ಹಿಂದಿನ ರೈತನು ಬಂಡಿ ಹೂಡುವ ಮುನ್ನ ಬಾಗಿ ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದುದು.